ಪಾತ್ರೆಯೊಳಗಿನ ಫೋನುಗಳು

ಗೆಳತಿ,

ಮೆಸೇಜ್ ಕಳಿಸಿದರೆ ನೀನು ಓದಿದ್ದೂ ತಿಳಿಯುತ್ತದೆ, ಉತ್ತರ ಕೊಡದಿದ್ದುದೂ ತಿಳಿಯುತ್ತದೆ. ಅದಕ್ಕೇ ಕಾಗದದ ಮೇಲೆ ಬರೆಯುತ್ತಿದ್ದೇನೆ. ಇದನ್ನು ಕಳಿಸುವುದಿಲ್ಲ.

ನಮ್ಮ ಹೊಲಿಗೆ ಕಾರ್ಖಾನೆಯವರು ವಾಟ್ಸಾಪ್ ಗ್ರೂಪಿನಲ್ಲಿ ಆಡಿದ್ದೆಲ್ಲ ಮಾಲೀಕನ ಕಿವಿಗೆ ಬೀಳುತ್ತಿದೆ. ಹಾಗಾಗಿ ಇಂದಿನ ಸಂಘದ ಸಭೆಯಲ್ಲಿ ಎಲ್ಲರ ಫೋನನ್ನೂ ದೊಡ್ಡ ಪಾತ್ರೆಗೆ ಹಾಕಿಸಿ ಮುಚ್ಚಳ ಮುಚ್ಚಿದೆ. "ನಮ್ಮ ಬದುಕು ಮಾರಾಟದ ಸರಕಲ್ಲ! ಮುಖ ನೋಡಿ ಮಾತಾಡೋಣ!" ಎಂದು ಕರಪತ್ರದ ಧಾಟಿಯಲ್ಲೇ ಗುಡುಗಿದೆ. ಎಲ್ಲರೂ ತಮ್ಮ ಬರಿಗೈ ನೋಡುತ್ತ ಕೂತರು.

"ಅಲ್ಲ ತಮ್ಮಾ, ನಮ್ಮ ನಾಲಿಗೇನೂ ಅದರಲ್ಲೇ ಹಾಕಿಬಿಟ್ಯಾ?" ಎಂದರು ಇಸ್ತ್ರಿ ಹಾಕುವ ಅಣ್ಣ.

ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಗುಂಡಿ ಹೊಲಿಯುವ ಅಕ್ಕ, ತನಗೆ ಕಣ್ಣು ಮಂಜಾಗುತ್ತಿದೆ ಎಂದು ಹೇಳತೊಡಗಿದರು. ದಿನವೂ ಪಕ್ಕದಲ್ಲೇ ಕೂರುವ ನನಗೂ ಅದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಪಾತ್ರೆಯೊಳಗೆ ಒಂದು ಫೋನ್ ಅದುರಿತು. ಯಾರೂ ಅಲುಗಲಿಲ್ಲ. ಅಕ್ಕನ ಮಾತನ್ನು ಅರ್ಧಕ್ಕೇ ಬಿಟ್ಟು ಓಡಿಹೋಗಿ ಮುಚ್ಚಳ ತೆಗೆದವನು ನಾನೇ. ಅದುರಿದ್ದು ಬೇರೆ ಯಾರದೋ ಫೋನು.

"ಯಾರಿಗಪ್ಪಾ ನೀನು ಇಷ್ಟು ಕಾಯ್ತಿರೋದು?" ಎಂದರು ಅಕ್ಕ.

"ಯಾರಿಗೂ ಇಲ್ಲ ಅಕ್ಕಾ" ಎಂದೆ. ಅವರ ಮುಖ ನೋಡಿಕೊಂಡೇ ಹೇಳಿದೆ.