ಚೀಲದ ಮೇಲಿನ ಕೋಳಿ

ಅಕ್ಟೋಬರ್ 14, ಮಂಗಳವಾರ

ನಮ್ಮ ನಾಯಿ ಚುಕ್ಕಿಯ ಬೆನ್ನಿನ ಕೂದಲು ಉದುರುವುದು ನಿಲ್ಲಲಿಲ್ಲ ಅಂತ ಇವತ್ತು ನಾಯಿ ಡಾಕ್ಟರ ಹತ್ತಿರ ಹೋದೆ, ಅವಳಿಗೆ ಹಾಕುವ ಫುಡ್ಡಿನ ಚೀಲವನ್ನೂ ಒಯ್ದಿದ್ದೆ. ಅವರು ಹಿಂದಿನ ಸಣ್ಣ ಅಕ್ಷರ ತೋರಿಸಿದರು. "ಮೊದಲು ಬರೆದಿರೋದೇ ಜಾಸ್ತಿ ಇರೋದು ಕಣಮ್ಮ." ಮೊದಲು ಬರೆದಿದ್ದು ಮುಸುಕಿನ ಜೋಳ, ನಮ್ಮ ಹೊಲದಲ್ಲೇ ಬೆಳೆಯುವಂಥದ್ದು. ಕೋಳಿ ನೂರಕ್ಕೆ ನಾಲ್ಕು ಪಾಲು. ಮುಂದುಗಡೆ ಮಾತ್ರ ಚೀಲದ ತುಂಬ ಕೋಳಿಯ ಚಿತ್ರ.

ನಮ್ಮದು ಮಾಂಸ ಮುಟ್ಟದ ಮನೆ. ಆಗಷ್ಟೇ ಮರಿ ಹಾಕಿದ್ದ ಚುಕ್ಕಿಗೆ ಮಾಂಸ ಬೇಕಲ್ಲ ಅಂತ ಚೀಲವನ್ನು ಕೊಟ್ಟಿಗೆಯಲ್ಲಿಟ್ಟೆ, ತೆಂಗಿನ ಚಿಪ್ಪಲ್ಲಿ ಬಡಿಸಿದೆ, ಮತ್ತೆ ಸ್ನಾನ ಮಾಡಿಯೇ ಲಿಂಗಪೂಜೆಗೆ ಕೂತೆ. ಅತ್ತೆಯಿಂದ ದಿನಾ ಬೈಸಿಕೊಂಡೆ. ಆರು ತಿಂಗಳು. ಜೋಳಕ್ಕೆ.

ಕೊಟ್ಟವನು ಅಂಗಡಿಯ ನಿರಂಜನ, ನನ್ನ ಚಿಕ್ಕಪ್ಪನ ಮಗ. ಬರುವಾಗ ಅಂಗಡಿಗೇ ಹೋಗಿ ಕೇಳಿದರೆ ತಲೆ ಎತ್ತದೆ ಅಂದ, "ನಿಮ್ಮನೆಗೆ ಮಾಂಸ ಯಾಕೆ ಅಂತ ನಾನೇ ಇದನ್ನ ಕೊಟ್ಟೆ ಅಕ್ಕ."

ಅವನ ನಾಯಿ ಕೌಂಟರಿನ ಪಕ್ಕ ಮಲಗಿತ್ತು, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಮೈ. ಅದಕ್ಕೂ ಇದನ್ನೇ ಹಾಕ್ತೀಯಾ ಅಂದೆ. ಅವನು ಲೆಕ್ಕದ ಪುಸ್ತಕ ತೆಗೆದ.

ಬೇರೇನೂ ಇರಲಿಲ್ಲ, ಸಂಜೆ ಅದನ್ನೇ ಹಾಕಿದೆ. ಚುಕ್ಕಿ ಬಾಲ ಅಲ್ಲಾಡಿಸಿಕೊಂಡು ತಿಂದಳು. ನಾನು ನಿರಂಜನನನ್ನು ನಂಬಿದ ಹಾಗೇ ಅವಳು ನನ್ನನ್ನು ನಂಬಿದ್ದಾಳೆ.