ಮನೆ ಹೋಗಿ ನಾಯಿಮರಿ ಆದದ್ದು

ಜ್ಲಾತಿಬೋರ್ ಬೆಟ್ಟದ ಧಣಿಗಳೂ ಆರು ಕೋಣೆಗಳ ಚಕ್ರವರ್ತಿಗಳೂ ರಕಿಯಾ ಸಾರಾಯಿ ಪೀಪಾಯಿಗಳ ಮಹಾಪೋಷಕರೂ ಆದ ರಾದೊಯ್ಕೊ ಚಿಕ್ಕಪ್ಪನವರ ದಿವ್ಯ ಸನ್ನಿಧಿಗೆ, ಪಕ್ಕದ ಮನೆಯ ತಿಯಾನಾ ಮಾಡುವ ಯುದ್ಧಘೋಷಣೆ.

ನಿಮ್ಮ ಅತಿಥಿಗೃಹಕ್ಕೆ ವೆಬ್‌ಸೈಟ್ ಕಟ್ಟಿಕೊಟ್ಟವಳು ನಾನು. ಅದರ ಹೆಸರು ಹೊಲದಂತೆ ಒಮ್ಮೆ ಕೊಂಡರೆ ಮುಗಿಯುವುದಲ್ಲ, ವರ್ಷವರ್ಷವೂ ದುಡ್ಡು ಕಟ್ಟಿ ಉಳಿಸಿಕೊಳ್ಳಬೇಕು ಎಂದು ಎಷ್ಟು ಸಲ ಹೇಳಿದೆ! "ನನ್ನ ಮನೆ ಹೆಸರಿಗೆ ನಾನೇ ಬಾಡಿಗೆ ಕಟ್ಬೇಕೇನೇ? ಹೋಗೆ, ತಲೆಹರಟೆ!" ಅಂದಿರಿ. ಆಮೇಲೆ ಚಪ್ಪಲಿ ಕಚ್ಚಿತೆಂದು ನನ್ನ ನಾಯಿಮರಿ ಝುಚಾನನ್ನು ಅಂಗಳದಿಂದ ಅಟ್ಟಿದಿರಿ. ಅದರ ತಾಯಿ ಇರುವುದು ನಿಮ್ಮ ಅಂಗಳದಲ್ಲೇ. ಅಂದಿನಿಂದ ಮರಿ ನಿಮ್ಮ ಗೇಟಿನ ಮುಂದೆ ಕುಂಯ್‌ಗುಡುತ್ತಿದೆ, ಅನ್ನ ಮುಟ್ಟುತ್ತಿಲ್ಲ.

ನಿಮ್ಮ ವೆಬ್ ಹೆಸರಿನ ಅವಧಿ ಮುಗಿದು ಮಾರಾಟಕ್ಕೆ ಬಂತು. ನಾನು ಕೊಂಡೆ. ವೆಬ್ ವಿಳಾಸದಲ್ಲಿ ನಾವೆಲ್ಲ ಸರ್ಬಿಯನ್ ಅಕ್ಷರದ ತಲೆಮೇಲಿನ ಗೀಟು ಬಿಟ್ಟೇ ಬರೆಯುವವರಲ್ಲವೇ? ಗೀಟು ಹೋದರೆ 'ಕುಚಾ' ಎಂಬ ಮನೆ 'ಕುತ್ಸಾ' ಎಂಬ ನಾಯಿಮರಿಯಾಗುತ್ತದೆ. ಆದ್ದರಿಂದ ರಾದೊಯ್ಕೊನ ಮನೆ ಹುಡುಕಿ ಬರುವ ಬೆಲ್‌ಗ್ರೇಡಿನವರಿಗೆ ಈಗ ಕಾಣುವುದು ರಾದೊಯ್ಕೊನ ನಾಯಿಮರಿ: ಬಾಯಲ್ಲಿ ನಿಮ್ಮ ಚಪ್ಪಲಿ ಹಿಡಿದ ಝುಚಾ. ಕೋಣೆಗಳ ಚಿತ್ರ ಒಂದೂ ಇಲ್ಲ. ಬೇಸಿಗೆಯ ಅತಿಥಿಗಳು ಬರದಿದ್ದರೆ ಮಂಚಗಳ ಮೇಲೆ ನೀವೇ ಸರದಿಯಂತೆ ಮಲಗಿ.

ಸಂಧಿಯ ಶರತ್ತು ಒಂದೇ. ಝುಚಾನನ್ನು ತಾಯಿಯ ಹತ್ತಿರ ಬಿಡಿ, ನಿಮ್ಮ ಹೆಸರು ನಿಮಗೆ.

ಸೇಡಿನ ಕಿಡಿ ಕಾರುತ್ತಿರುವ,
ತಿಯಾನಾ

ತಾ.ಕ.: ಇದನ್ನು ಗೇಟು ತೆರೆದ ಮೇಲಷ್ಟೇ ಓದಿ. ವೆಬ್ ಹೆಸರು ಕೊಳ್ಳುವಾಗ 'ಒಡೆಯರು ಯಾರು' ಎಂದು ಕೇಳಿದ ಕಡೆ, ಹಳೇ ಅಭ್ಯಾಸದಲ್ಲಿ ನಿಮ್ಮ ಹೆಸರನ್ನೇ ಬರೆದುಬಿಟ್ಟಿದ್ದೇನೆ.