ಅಪ್ಪನ ಕ್ಯಾಮೆರಾದಲ್ಲಿದ್ದ ಫೈಲು

ಬೊಟಿಜಾ, ಸೋಮವಾರ

ಗಾವ್ರಿಲ್ ಅಣ್ಣನಿಗೆ,

ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ಓದದೆ ಒಲೆಗೆ ಹಾಕಬೇಡ.

ಅಪ್ಪನ ಹಳೆಯ ಕ್ಯಾಮೆರಾದಲ್ಲಿ ಒಂದು ಫೈಲು ಸಿಕ್ಕಿತು. ಹೆಸರಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಎಂ-ಒ-ಡಿ, 'ಮಾಡ್' ಎಂದಿತ್ತು. ನನ್ನ ಕಂಪ್ಯೂಟರು ಅದನ್ನು ಹಾಡೆಂದು ತಿಳಿದು ತೆರೆಯಲು ಹೋಗಿ ಬರೀ ಕರಕರ ಸದ್ದು ಮಾಡಿತು. ಏನೂ ತೋಚದೆ, ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ತೆಯೋಫಿಲ್ ಮೇಷ್ಟ್ರಿಗೆ ತೋರಿಸಿದೆ.

"ಇದು ಹಾಡಲ್ಲ ಕಣಮ್ಮ, ವಿಡಿಯೋ. ಎರಡಕ್ಕೂ ಅದೇ ಹೆಸರು ಇಟ್ಟಿದಾರೆ, ಪಾಪ, ಮಷೀನಿಗೂ ತಲೆ ಕೆಟ್ಟಿದೆ" ಎಂದು ನಕ್ಕು, ಕೊನೆಯ ಮೂರಕ್ಷರ ಅಳಿಸಿ 'ಎಂಪಿಜಿ' ಎಂದು ಬರೆದರು. ತೆರೆದುಕೊಂಡಿತು.

ಅದು ಅಪ್ಪ ಬಿದ್ದ ದಿನದ್ದು. ನೀನು ಕ್ಯಾಮೆರಾವನ್ನು ಬೇಲಿಯ ಮೇಲಿಟ್ಟು ಏಣಿ ಹಿಡಿದಿದ್ದೀಯ. ಪ್ಲಮ್ ಮರದ ಮೇಲಿಂದ ಅಪ್ಪ ಕೂಗುತ್ತಾನೆ: "ಗಾವ್ರಿಲ್, ಹೋಗಿ ಗರಗಸ ತಗೊಂಬಾರೋ. ವೆತುರಿಯಾ, ನೀನು ಬಂದು ಏಣಿ ಹಿಡ್ಕೊಳ್ಳೇ!"

ಅಡುಗೆಮನೆಯಿಂದ ಒಂದು ದನಿ ಬರುತ್ತದೆ: "ಬಂದೆ ಅಪ್ಪಾ, ಅಣ್ಣನ್ನ ಕಳಿಸು."

ಅದು ನನ್ನ ದನಿ. ಬಂದೆ ಎಂದವಳು ಏಣಿಯ ಹತ್ತಿರ ಹೋಗಲೇ ಇಲ್ಲ. ಮುಂದಕ್ಕೆ ನೋಡಲಾಗದೆ ನಿಲ್ಲಿಸಿಬಿಟ್ಟೆ. ಹಾಗೆ ಅಂದದ್ದು ನನಗೆ ನೆನಪೇ ಇಲ್ಲ ಅಣ್ಣಾ. ಅಪ್ಪನ ಶವದ ಮುಂದೆ, ಊರವರ ಎದುರು, "ಏಣಿ ಬಿಟ್ಟು ಹೋಗಿ ಅಪ್ಪನ್ನ ಕೊಂದೆ" ಎಂದು ನಿನ್ನನ್ನು ಬೈದದ್ದು ಮಾತ್ರ ಚೆನ್ನಾಗಿ ನೆನಪಿದೆ.

ನಿನ್ನೆ ಚರ್ಚಿನ ಬಾಗಿಲಲ್ಲಿ ನಿಂತು ಅದೇ ಊರವರಿಗೆ ಎಲ್ಲವನ್ನೂ ಹೇಳಿದೆ. ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಇದರ ಜೊತೆ ಇಟ್ಟಿದ್ದೇನೆ. ನೋಡುವುದೂ ಬಿಡುವುದೂ ನಿನ್ನಿಷ್ಟ.

ಒಂದು ಮಾತ್ರ ಗೊತ್ತಾಗುತ್ತಿಲ್ಲ. ಆ ದಿನ ನನ್ನ ದನಿ ನಿನಗೆ ಕೇಳಿಸಿತ್ತಲ್ಲ, ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?

ನಿನ್ನ ತಂಗಿ,
ವೆತುರಿಯಾ